ವಾಹನವನ್ನು ಹೊತ್ತ ವಾಹನ

ಮನುಷ್ಯನನ್ನು ಊರಿಂದೂರಿಗೆ ಒಯ್ಯುವುದಕ್ಕೆಂದೇ ನಿರ್ಮಿತವಾದ ಯಂತ್ರವೊಂದನ್ನು ಮತ್ತೊಂದು ಯಂತ್ರದ ಬೆನ್ನಿಗೇರಿಸಿ, ಪಟ್ಟಿಗಳಿಂದ ಬಿಗಿದು, ನೂರಿನ್ನೂರು ಮೈಲಿ ಸಾಗಿಸಿ, ಅಲ್ಲಿ ಇಳಿಸಿಕೊಂಡು ಒಂದೆರಡು ಗಂಟೆಯ ಕಾಲ ಅದರ ಮೇಲೆ ಕುಳಿತು ಮರಳುಗಾಡಿನಲ್ಲಿ ಸುತ್ತಾಡಿ, ಸಂಜೆಯಾಗುತ್ತಲೇ ಪುನಃ ಅದನ್ನು ಹೇರಿಕೊಂಡು ಮನೆಗೆ ಮರಳುವ ಪದ್ಧತಿಯು, ಅದನ್ನು ಮೊದಲ ಬಾರಿ ಕೇಳುವವರಿಗೆ ತುಸು ವಿಪರೀತವೆಂದೇ ತೋರೀತು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಅದರಲ್ಲಿಯೂ ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ, ಮೋಟಾರು ಸೈಕಲ್ಲನ್ನು ಹೀಗೆ ಹೊತ್ತೊಯ್ಯುವುದು ಎರಡು ತಲೆಮಾರುಗಳಿಂದ ವಾರಾಂತ್ಯದ ಸಾಮಾನ್ಯ ಆಚಾರವಾಗಿದೆ. ಅಲ್ಲಿನ ಸವಾರರಲ್ಲಿ ಈ ವಿಷಯವಾಗಿ ಎರಡು ಪಕ್ಷಗಳೂ ಉಂಟು: ರ್ಯಾಂಪಿನ ಮೇಲೆ ನಡೆಸಿ ಪಿಕಪ್ ಟ್ರಕ್ಕಿನ ತೊಟ್ಟಿಗೆ ಏರಿಸುವುದೇ ಸರಿಯೆಂಬುದು ಒಂದು; ಟ್ರಕ್ಕಿನ ಹಿಂದೆ ಟ್ರೇಲರನ್ನು ಹೂಡಿ ಎಳೆದೊಯ್ಯುವುದೇ ಲೇಸೆಂಬುದು ಇನ್ನೊಂದು. ಈ ವಾದವನ್ನು ಕೇವಲ ಅನುಕೂಲ ಅನನುಕೂಲಗಳ ಪಟ್ಟಿಯನ್ನಾಗಿ ನೋಡಿದರೆ ಅದಕ್ಕೆ ತುದಿಯೇ ಇರದು. ಚರಿತ್ರೆಯ ಬೆಳಕಿನಲ್ಲಿ ನೋಡಿದರೆ, ಎರಡು ಪಕ್ಷಗಳೂ ಮೋಟಾರು ಸೈಕಲ್ಲಿನ ಬಾಳಿನ ಎರಡು ಬೇರೆ ಬೇರೆ ಘಟ್ಟಗಳಿಗೆ ಸೇರಿದವೆಂಬುದು ಸ್ಪಷ್ಟವಾಗುತ್ತದೆ.

ಮೊದಲಿಗೆ ಹೊರುವ ಪ್ರಶ್ನೆಯೇ ಇರಲಿಲ್ಲ. ಸ್ಪ್ರಿಂಗ್‌ಫೀಲ್ಡಿನಲ್ಲಿ ಇಂಡಿಯನ್ ಸಂಸ್ಥೆಯು 1901ರಲ್ಲಿಯೂ, ಮಿಲ್ವಾಕಿಯಲ್ಲಿ ಹಾರ್ಲೆ-ಡೇವಿಡ್ಸನ್ ಸಂಸ್ಥೆಯು 1903ರಲ್ಲಿಯೂ ತಲೆಯೆತ್ತಿದಾಗ, ಮೋಟಾರು ಸೈಕಲ್ಲೆಂಬುದು ಕುದುರೆಯನ್ನು ಸಾಕಲಾರದವನ, ಕಾರನ್ನು ಕೊಳ್ಳಲಾರದವನ ವಾಹನವಾಗಿದ್ದಿತು. ಕಾರ್ಖಾನೆಯಿಂದ ಅಂಗಡಿಯವರೆಗೆ ಅದು ಮರದ ಪೆಟ್ಟಿಗೆಯಲ್ಲಿ ರೈಲಿನ ಮೂಲಕ ಪ್ರಯಾಣ ಮಾಡುತ್ತಿದ್ದಿತು. ಪೆಟ್ಟಿಗೆಯಿಂದ ಹೊರಬಿದ್ದ ಮೇಲೆ ತನ್ನ ಗಾಲಿಗಳ ಮೇಲೆಯೇ ತಾನು ಸಂಚರಿಸುತ್ತಿದ್ದಿತು. ಮರದ ಹಲಗೆಗಳನ್ನು ಜೋಡಿಸಿದ ವರ್ತುಲಾಕಾರದ ಪಂದ್ಯದ ಅಂಗಣಗಳಲ್ಲಿ ಓಡುತ್ತಿದ್ದ, ಬ್ರೇಕೇ ಇಲ್ಲದ ಭಯಂಕರ ಯಂತ್ರಗಳು ಮಾತ್ರ ಇದಕ್ಕೆ ಅಪವಾದವಾಗಿದ್ದವು. ಅವು ಊರಿಂದೂರಿಗೆ ರೈಲಿನಲ್ಲಿಯೇ ಹೋಗಬೇಕಾಗಿದ್ದಿತು. ಮೂವತ್ತರ ದಶಕದ ಆರ್ಥಿಕ ಸಂಕಟದಲ್ಲಿ ಇಂತಹ ದುಬಾರಿ ಪಂದ್ಯಗಳು ಸೊರಗಿದುವು. ಅಮೆರಿಕದ ಮೋಟಾರು ಸೈಕಲ್ ಸಂಘವು ಆಗ ‘ಸಿ ವರ್ಗ’ವೆಂಬ ಹೊಸ ಶ್ರೇಣಿಯನ್ನು ಏರ್ಪಡಿಸಿ, ಅಂಗಡಿಯಲ್ಲಿ ಸಾಮಾನ್ಯನಿಗೆ ದೊರೆಯುವ ಯಂತ್ರಗಳಿಗೇ ಅದನ್ನು ಮೀಸಲಾಗಿಟ್ಟಿತು. ಆ ಕಾಲದ ಸವಾರನು ಶನಿವಾರ ತನ್ನ ಗಾಡಿಯನ್ನೇರಿ ಪಂದ್ಯದ ಊರಿಗೆ ಹೋಗಿ, ದೀಪವನ್ನೂ ಸೈಲೆನ್ಸರನ್ನೂ ಬಿಚ್ಚಿಟ್ಟು, ಭಾನುವಾರ ಸ್ಪರ್ಧಿಸಿ, ಮೈಕೈಯೂ ಯಂತ್ರವೂ ನೆಟ್ಟಗಿದ್ದರೆ ಬಿಚ್ಚಿದ್ದನ್ನೆಲ್ಲ ಪುನಃ ಜೋಡಿಸಿಕೊಂಡು, ಸೋಮವಾರ ಬೆಳಗ್ಗೆ ಅದರ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದನು. ಪಂದ್ಯದ ಯಂತ್ರಕ್ಕೂ ನಿತ್ಯದ ಯಂತ್ರಕ್ಕೂ ಭೇದವಿಲ್ಲದಿದ್ದಾಗ ಹೊರುವವರ ಅಗತ್ಯವೂ ಇರಲಿಲ್ಲ.

ಅಷ್ಟೇ ಅಲ್ಲ, ಮೋಟಾರು ಸೈಕಲ್ಲನ್ನು ಮತ್ತೊಂದು ವಾಹನಕ್ಕೆ ಕಟ್ಟಿ ಎಳೆಯುವ ಕಲ್ಪನೆಯು ಮೊದಲು ವಿನೋದಕ್ಕಾಗಿ ಹುಟ್ಟಿದುದಲ್ಲ, ಉದ್ಯೋಗಕ್ಕಾಗಿ ಹುಟ್ಟಿತು. ಹಾರ್ಲೆ-ಡೇವಿಡ್ಸನ್ನಿನವರು 1932ರಲ್ಲಿ ಸರ್ವಿ-ಕಾರ್ ಎಂಬ ಮೂರು ಗಾಲಿಯ ಗಾಡಿಯನ್ನು ಹೊರತಂದರು. ಗ್ಯಾರೇಜಿನ ಮೆಕ್ಯಾನಿಕ್ ಅದನ್ನೇರಿ ಗಿರಾಕಿಯ ಮನೆಗೆ ಹೋಗುವನು. ರಿಪೇರಿಗೆ ಬರಬೇಕಾದ ಕಾರಿನ ಹಿಂದಿನ ಬಂಪರಿಗೆ ಸರ್ವಿ-ಕಾರಿನ ಮುಂಭಾಗದ ಕಬ್ಬಿಣದ ದಂಡವನ್ನು ಸಿಕ್ಕಿಸುವನು. ಬಳಿಕ ತಾನು ಕಾರನ್ನು ನಡೆಸಿಕೊಂಡು, ಗಾಡಿಯ ಹಿಂದೆ ಕರುವನ್ನು ಕಟ್ಟಿಕೊಂಡು ಸಂತೆಯಿಂದ ಮರಳುವ ರೈತನಂತೆ, ಗ್ಯಾರೇಜಿಗೆ ಹಿಂದಿರುಗುವನು. ಒಬ್ಬನೇ ಆಳು ಎರಡು ವಾಹನಗಳನ್ನು ತಂದನು, ಇನ್ನೊಬ್ಬನ ಕೂಲಿ ಉಳಿಯಿತು. ಇಂಡಿಯನ್ ಸಂಸ್ಥೆಯವರೂ ಇದೇ ಮಾದರಿಯ ಗಾಡಿಯೊಂದನ್ನು ಮಾರುತ್ತಿದ್ದರು. ಸರ್ವಿ-ಕಾರು 1973ರವರೆಗೆ ತಯಾರಾಗುತ್ತಲೇ ಇದ್ದಿತು, ಆ ವೇಳೆಗೆ ಅದರ ಮುಖ್ಯ ಗಿರಾಕಿಗಳು ಪೊಲೀಸರಾಗಿದ್ದರೆಂಬುದು ಬೇರೆ ಮಾತು.

ಪಿಕಪ್ಪಿನ ವಂಶಾವಳಿಯೂ ಇಷ್ಟೇ ಶ್ರಮಜೀವಿಯದು. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿನ ಹಿಂಭಾಗವನ್ನು ಕತ್ತರಿಸಿ, ಮರದ ಪೆಟ್ಟಿಗೆಯೊಂದನ್ನು ಕೂರಿಸಿ, ಹಾಲು ಮೊಟ್ಟೆ ಹುಲ್ಲುಗಳನ್ನು ಪೇಟೆಗೆ ಸಾಗಿಸುವುದನ್ನು ರೈತರು ತಾವಾಗಿಯೇ ಕಲಿತಿದ್ದರು. ಆ ಸ್ವಯಂಕೃತ ಪ್ರಯೋಗವನ್ನೇ ಕಾರ್ಖಾನೆಯು ಸ್ವೀಕರಿಸಿ, 1925ರ ಏಪ್ರಿಲ್ ತಿಂಗಳಿನಲ್ಲಿ, ಉಕ್ಕಿನ ತೊಟ್ಟಿಯನ್ನೂ ಇಳಿಬಿಡುವ ಹಿಂಬಾಗಿಲನ್ನೂ ಬಲವಾದ ಸ್ಪ್ರಿಂಗುಗಳನ್ನೂ ಅಳವಡಿಸಿದ ಮಾಡೆಲ್ ಟಿ ಪಿಕಪ್ಪನ್ನು 281 ಡಾಲರುಗಳ ಬೆಲೆಗೆ ಮಾರಾಟಕ್ಕೆ ತಂದಿತು. ಯುದ್ಧಾನಂತರ 1948ರಲ್ಲಿ ಬಂದ ಫೋರ್ಡ್ ಎಫ್ ಶ್ರೇಣಿಯು ಈ ವಾಹನವನ್ನು ಹೊಲದಿಂದ ಮನೆಯಂಗಳಕ್ಕೆ ಕರೆತಂದಿತು. 1957-58ರ ಸುಮಾರಿಗೆ ಫೋರ್ಡ್, ಷೆವ್ರೊಲೆ ಇಬ್ಬರೂ ತೊಟ್ಟಿಯ ಪಾರ್ಶ್ವಗಳನ್ನು ಗಾಲಿಗಳ ಹೊರಮೈವರೆಗೆ ಚಾಚಿ, ಅದರ ಅಗಲವನ್ನು ಹೆಚ್ಚಿಸಿದರು. ಗಾಲಿಯ ಉಬ್ಬುಗಳು ಈಗ ತೊಟ್ಟಿಯ ಒಳಕ್ಕೆ ಬಂದುವಾದರೂ, ಅವೆರಡರ ನಡುವೆ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯೊಂದು ಚಪ್ಪಟೆಯಾಗಿ ಮಲಗುವಷ್ಟು ಸ್ಥಳ ಉಳಿದಿದ್ದಿತು. ಈ ಬದಲಾವಣೆಯಿಂದ, ಎರಡು ಮೋಟಾರು ಸೈಕಲ್ಲುಗಳು ಪಕ್ಕಪಕ್ಕದಲ್ಲಿ ನಿಲ್ಲಬಹುದಾದ ಜಾಗವು ಆಕಸ್ಮಿಕವಾಗಿ ಒದಗಿತು.

ಟ್ರೇಲರಿಗೆ ಯುದ್ಧಾನಂತರದ ವಲಸೆಯೇ ತಾಯಿ. 1945ರಲ್ಲಿ ವಾಷಿಂಗ್ಟನ್ ಪ್ರಾಂತದ ರಿಜ್‌ಫೀಲ್ಡ್ ಎಂಬಲ್ಲಿ ಸ್ಯಾಮ್ ಶೋನ್ ಮತ್ತು ಅವನ ಪತ್ನಿ ಆನಾ ಮೇರಿ ಸೇರಿ ಸ್ಥಾಪಿಸಿದ ಯು-ಹಾಲ್ ಸಂಸ್ಥೆಯು, ಒಂದೂರಿನಲ್ಲಿ ಬಾಡಿಗೆಗೆ ಪಡೆದ ಟ್ರೇಲರನ್ನು ಮತ್ತೊಂದೂರಿನಲ್ಲಿ ಬಿಟ್ಟುಹೋಗಬಹುದೆಂಬ ಸರಳ ಏರ್ಪಾಟಿನಿಂದ, ಸಾಧಾರಣ ಕಾರಿನ ಒಡೆಯನಿಗೂ ಎಳೆಯುವ ವಿದ್ಯೆಯನ್ನು ಕಲಿಸಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯಿದೆಯಿಂದ 41,000 ಮೈಲಿಗಳ ರಾಷ್ಟ್ರೀಯ ರಸ್ತೆಜಾಲಕ್ಕೆ ಅಂಕುರಾರ್ಪಣವಾಯಿತು. ತೊಟ್ಟಿಯೂ ಟ್ರೇಲರೂ ರಸ್ತೆಯೂ ಸಿದ್ಧವಾಗಿದ್ದುವು. ಇವು ಹೊರಬೇಕಾದ ಭಾರವು ಮಾತ್ರ ಇನ್ನೂ ಬಂದಿರಲಿಲ್ಲ.

ಅದು ಜಪಾನಿನಿಂದ ಬಂದಿತು. 1959ರಲ್ಲಿ ಲಾಸ್ ಏಂಜಲೀಸ್ ನಗರದ ಪಶ್ಚಿಮ ಪೀಕೋ ಮಾರ್ಗದಲ್ಲಿ ಒಂದು ಸಣ್ಣ ಅಂಗಡಿಯನ್ನು ತೆರೆದ ಅಮೆರಿಕನ್ ಹೋಂಡಾದ ಬೆರಳೆಣಿಕೆಯ ನೌಕರರು, ತಮ್ಮ ಪುಟ್ಟ ಗಾಡಿಗಳನ್ನು ಷೆವ್ರೊಲೆ ಪಿಕಪ್ಪುಗಳಲ್ಲಿ ಹೇರಿಕೊಂಡು ಅಂಗಡಿಯಿಂದ ಅಂಗಡಿಗೆ ತಾವೇ ತಲುಪಿಸುತ್ತಿದ್ದರು. ಇಬ್ಬರು ಹಿಡಿದು ಎತ್ತಿಡಬಹುದಾದಷ್ಟು ಹಗುರವಾದ, ಅಮೆರಿಕದಲ್ಲಿ ಹೋಂಡಾ 50 ಎಂದು ಹೆಸರಾದ ಆ ಗಾಡಿಗೂ ಅಮೆರಿಕದ ಪಿಕಪ್ಪಿಗೂ ಏರ್ಪಟ್ಟ ಸಂಬಂಧವನ್ನು ಸಂಸ್ಥೆಯು ಮರೆಯಲಿಲ್ಲ. ಅರುವತ್ತನೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ, ತನ್ನ ಪ್ರತಿಸ್ಪರ್ಧಿಯೇ ತಯಾರಿಸಿದ ಅಂತಹ ಹಳೆಯ ಟ್ರಕ್ಕೊಂದನ್ನು ಹುಡುಕಿಸಿ, ಹೊಸದರಂತೆ ಸಿಂಗರಿಸಿ ಪ್ರದರ್ಶನಕ್ಕಿಟ್ಟಿತು.

ಮುಂದಿನ ಹತ್ತು ವರ್ಷಗಳಲ್ಲಿ ಆ ದೇಶದ ಮೋಟಾರು ಸೈಕಲ್ಲುಗಳ ಸಂಖ್ಯೆಯು ಸುಮಾರು ಐದು ಪಟ್ಟಾಯಿತು. ಆದರೆ ನಮ್ಮ ಕಥೆಗೆ ಸಂಖ್ಯೆಗಿಂತ ಮುಖ್ಯವಾದುದು ಆ ಯಂತ್ರವು ಎರಡಾಗಿ ಸೀಳಿಕೊಂಡ ಬಗೆ. 1966ರಲ್ಲಿ ಎಡಿಸನ್ ಡೈ ಎಂಬ ವ್ಯಾಪಾರಿಯು ಸ್ವೀಡನ್ನಿನ ಟಾರ್ಸ್ಟೆನ್ ಹಾಲ್ಮನ್ ಎಂಬ ಜಗದ್ವಿಜೇತನನ್ನು ಹಸ್ಕ್ವಾರ್ನಾ ಗಾಡಿಯೊಡನೆ ಅಮೆರಿಕಕ್ಕೆ ಕರೆಸಿ, ಯೂರೋಪಿನ ಮೋಟೋಕ್ರಾಸ್ ಆಟವನ್ನು ಪ್ರದರ್ಶಿಸಿದನು. ದಿಬ್ಬಗಳ ಮೇಲಿಂದ ಹಾರುವ ಆ ಹಗುರವಾದ ಯಂತ್ರಕ್ಕೆ ದೀಪವಿಲ್ಲ, ಹಾರನ್ನಿಲ್ಲ, ನಂಬರು ಫಲಕವಿಲ್ಲ. ಆದುದರಿಂದ ಸಾರ್ವಜನಿಕ ರಸ್ತೆಯಲ್ಲಿ ಒಂದು ಫರ್ಲಾಂಗನ್ನೂ ಓಡಿಸುವ ಅಧಿಕಾರವಿಲ್ಲ. ರಸ್ತೆಯಲ್ಲಿಯೂ ಕಾಡಿನಲ್ಲಿಯೂ ಸಲ್ಲುವಂತೆ ಯಮಹಾ ಸಂಸ್ಥೆಯು 1968ರಲ್ಲಿ ಹೊರತಂದ ಡಿಟಿ-1 ಎಂಬ ಗಾಡಿಯು ಈ ಬಿರುಕನ್ನು ಬೆಸೆಯಲು ಯತ್ನಿಸಿ, ವ್ಯಾಪಾರದಲ್ಲಿ ಬಹಳ ಯಶಸ್ವಿಯೂ ಆಯಿತು. ಆದರೆ ಅದರ ರುಚಿ ಕಂಡವರಲ್ಲಿ ಅನೇಕರು ಮುಂದೆ ಅಪ್ಪಟ ಮಣ್ಣಿನ ಗಾಡಿಯನ್ನೇ ಬಯಸಿದರು. ಈ ಕಾಲದ ಮೋಟೋಕ್ರಾಸ್ ಕ್ಷೇತ್ರದಲ್ಲಿ ಮೆರೆದ ಇನ್ನೊಂದು ಯಂತ್ರ, ಬೆಲ್ಜಿಯಮಿನ ಜೋಯೆಲ್ ರಾಬರ್ಟನು 1964ರಲ್ಲಿ ವಿಶ್ವ ಪ್ರಶಸ್ತಿಯನ್ನು ಗೆದ್ದ ಜೆಕೊಸ್ಲೊವಾಕಿಯದ ಸಿಝೆಡ್. ಇದರ ಒಡಹುಟ್ಟು ನಮಗೆ ಅಪರಿಚಿತವಲ್ಲ. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಗಾಡಿಯ ಮೂಲ ಮನೆತನವೂ ಸಿಝೆಡ್ಡಿನ ಮನೆತನವೂ ಒಂದೇ ಸರ್ಕಾರಿ ಉದ್ಯಮದ ಆಶ್ರಯದಲ್ಲಿ ಕೂಡಿ ಬೆಳೆದವುಗಳು. ಒಂದು ಶಾಖೆಯು ಕ್ಯಾಲಿಫೋರ್ನಿಯದಲ್ಲಿ ಟ್ರಕ್ಕಿನ ಮೇಲೆ ಕುಳಿತು ಆಟಕ್ಕೆ ಹೋಗುತ್ತಿದ್ದಾಗ, ಮತ್ತೊಂದು ಶಾಖೆಯು ಮೈಸೂರು ಸೀಮೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಮೂಟೆ ಅಕ್ಕಿ, ಇಷ್ಟನ್ನೂ ಹೊತ್ತು ಓಡುತ್ತಿದ್ದಿತು.

ಮರಳುಗಾಡಿನ ಪಂದ್ಯಗಳಲ್ಲಿ ಪ್ರಸಿದ್ಧವಾದುದು ಬಾರ್ಸ್ಟೋವಿನಿಂದ ಲಾಸ್ ವೇಗಸ್ಸಿನವರೆಗೆ 1967ರಲ್ಲಿ ಆರಂಭವಾದ ಓಟ. 1974ರ ವೇಳೆಗೆ ಅಲ್ಲಿ ಒಂದೇ ಸಾಲಿನಲ್ಲಿ ಸುಮಾರು ಮೂರು ಸಾವಿರ ಸವಾರರು ನಿಂತು ಒಮ್ಮೆಗೇ ಹೊರಡುವ ಮಟ್ಟಕ್ಕೆ ಅದು ಬೆಳೆದಿದ್ದಿತು. ಅಷ್ಟು ಯಂತ್ರಗಳನ್ನು ಹೊತ್ತು ತಂದ ಟ್ರಕ್ಕು, ವ್ಯಾನು, ಟ್ರೇಲರುಗಳೆಲ್ಲ ಜನವಸತಿಯಿಲ್ಲದ ಮರುಭೂಮಿಯಲ್ಲಿ ಬೀಡುಬಿಟ್ಟರೆ ಆಗುವುದು ಒಂದು ತಾತ್ಕಾಲಿಕ ಪಟ್ಟಣವೇ. ನೆಲವನ್ನು ಕಾಯುವ ಸರ್ಕಾರಿ ಇಲಾಖೆಯು ಮರುವರ್ಷ ಅನುಮತಿಯನ್ನು ನಿರಾಕರಿಸಿತು. ಒಂದೊಂದು ಗಾಡಿಯು ತನ್ನ ಬಲದಿಂದಲೇ ಅಲ್ಲಿಗೆ ಬರಬೇಕಾಗಿದ್ದ ಪಕ್ಷದಲ್ಲಿ ಇಂತಹ ಜಾತ್ರೆಯು ನೆರೆಯುತ್ತಲೇ ಇರಲಿಲ್ಲವೆಂಬುದನ್ನು ನೆನೆದರೆ, ಹೊರುವ ಸಾಧನವು ಆಟಕ್ಕೆ ಸಹಾಯಕವಾಗಿ ಬಂದು ಆಟದ ಪ್ರಮಾಣವನ್ನೇ ಮಾರ್ಪಡಿಸಿತೆಂದು ಹೇಳಬೇಕಾಗುತ್ತದೆ.

ಈ ಜಾತ್ರೆಗೆ ಬರುತ್ತಿದ್ದ ಟ್ರಕ್ಕುಗಳಲ್ಲಿ ಕ್ರಮೇಣ ಜಪಾನಿನವೂ ಬೆರೆತುವು. ಯೂರೋಪಿನ ದೇಶಗಳು ಅಮೆರಿಕದ ಕೋಳಿಯ ಮೇಲೆ ವಿಧಿಸಿದ ಸುಂಕಕ್ಕೆ ಪ್ರತೀಕಾರವಾಗಿ ಅಧ್ಯಕ್ಷ ಜಾನ್ಸನ್ 1964ರಿಂದ ಜಾರಿಗೆ ಬರುವಂತೆ ವಿದೇಶೀ ಲಘು ಟ್ರಕ್ಕುಗಳ ಮೇಲೆ ಶೇಕಡಾ 25ರ ಸುಂಕವನ್ನು ಹೇರಿದ್ದನು. ಚಾಲಕನ ಕೋಣೆಯನ್ನೂ ಅಡಿಗಟ್ಟನ್ನೂ ಮಾತ್ರ ಹಡಗಿನಲ್ಲಿ ತಂದು, ತೊಟ್ಟಿಯನ್ನು ಅಮೆರಿಕದ ದಡದಲ್ಲಿ ಜೋಡಿಸಿದರೆ ಸುಂಕವು ಶೇಕಡಾ 4ಕ್ಕೆ ಇಳಿಯುತ್ತಿದ್ದಿತು. 1980ರಲ್ಲಿ ಈ ಕಂಡಿಯನ್ನು ಮುಚ್ಚುವವರೆಗೆ ಡಾಟ್ಸನ್, ಟೊಯೋಟಾ ಮೊದಲಾದವರು ಅದರಲ್ಲಿಯೇ ನುಸುಳಿದರು. 1972ರಲ್ಲಿ ಫೋರ್ಡಿನವರು ಮಾಜ್ದಾ ತಯಾರಿಸಿದ ಕೂರಿಯರನ್ನೂ, ಷೆವ್ರೊಲೆಯವರು ಇಸುಜು ತಯಾರಿಸಿದ ಲವ್ ಎಂಬ ಗಾಡಿಯನ್ನೂ ತಮ್ಮ ಹೆಸರಿನಲ್ಲಿ ಮಾರತೊಡಗಿದರು. ಈ ಕಿರಿಯ ಪಿಕಪ್ಪುಗಳ ತೊಟ್ಟಿಯು ತಗ್ಗಾಗಿದ್ದುದರಿಂದ ಮಣ್ಣಿನ ಗಾಡಿಯನ್ನು ಏರಿಸುವುದು ಸುಲಭವಾಗಿದ್ದಿತು. ಪಿಕಪ್ಪಿನ ಪಕ್ಷಕ್ಕೆ ಅದೇ ಸುವರ್ಣಯುಗ.

ಏರಿಸುವ ಕ್ರಮವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಅನುಭವಿಯು ಮೊದಲು ಟ್ರಕ್ಕಿನ ಹಿಂದಿನ ಗಾಲಿಗಳನ್ನು ಒಂದು ತಗ್ಗಿಗೆ ಇಳಿಸುತ್ತಾನೆ, ಅಥವಾ ಹಿಂಬಾಗಿಲನ್ನು ಒಂದು ದಿಬ್ಬದ ಕಡೆಗೆ ತಿರುಗಿಸುತ್ತಾನೆ. ಇಷ್ಟರಿಂದಲೇ ಏರಿನ ಅರ್ಧ ಕಷ್ಟವು ಕಳೆಯುತ್ತದೆ. ರ್ಯಾಂಪನ್ನು ಹಿಂಬಾಗಿಲಿನ ಅಂಚಿಗೆ ಸಿಕ್ಕಿಸಿ, ಅದು ಹಿಂದಕ್ಕೆ ಜಾರಿ ಬೀಳದಂತೆ ಪಟ್ಟಿಯೊಂದರಿಂದ ಟ್ರಕ್ಕಿಗೇ ಕಟ್ಟುತ್ತಾನೆ. ಬಳಿಕ ಗಾಡಿಯ ಎಡಪಕ್ಕದಲ್ಲಿ ನಿಂತು, ಎಂಜಿನ್ನನ್ನು ಚಾಲೂ ಮಾಡಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪಸ್ವಲ್ಪವೇ ಬಿಡುತ್ತ, ಹ್ಯಾಂಡಲನ್ನು ಹಿಡಿದು ಅದರೊಡನೆ ನಡೆಯುತ್ತಾನೆ. ಗಾಡಿಯ ಮುಂದಿನ ಗಾಲಿಯು ತೊಟ್ಟಿಯನ್ನು ಮುಟ್ಟಿ ಹಿಂದಿನ ಗಾಲಿಯು ರ್ಯಾಂಪಿನ ನಡುವಿನಲ್ಲಿದ್ದಾಗ ಬರುವ ಕ್ಷಣವೇ ನಿರ್ಣಾಯಕ: ಆಗ ಯಂತ್ರವು ಮನುಷ್ಯನ ಎದೆಗಿಂತ ಎತ್ತರಕ್ಕೆ ಹೋಗಿರುತ್ತದೆ, ಅವನ ಕಾಲುಗಳು ಮಾತ್ರ ನೆಲದಲ್ಲಿಯೇ ಇರುತ್ತವೆ. ಅಲ್ಲಿ ನಿಂತರೆ ಕೆಟ್ಟಿತು; ಹಿಂದಕ್ಕೆ ಬಿಡಲು ಹೋದರೆ ಹಿಂದಿನ ಗಾಲಿಯು ರ್ಯಾಂಪಿನ ಅಂಚನ್ನು ತಪ್ಪುತ್ತದೆ. ಆ ಕ್ಷಣಕ್ಕಾಗಿಯೇ ಪಕ್ಕದಲ್ಲಿ ಒಂದು ಗಟ್ಟಿಯಾದ ಪೆಟ್ಟಿಗೆಯನ್ನೋ ಎರಡನೆಯ ಹಲಗೆಯನ್ನೋ ಇಟ್ಟುಕೊಂಡು, ಅದರ ಮೇಲೆ ಕಾಲಿಟ್ಟು, ಯಂತ್ರದೊಡನೆಯೇ ತೊಟ್ಟಿಗೆ ಏರಬೇಕು. ಏರಿದ ಮೇಲೆ ಹ್ಯಾಂಡಲಿನ ಎರಡು ಪಕ್ಕಗಳಿಂದ ಪಟ್ಟಿಗಳನ್ನು ಮುಂದಕ್ಕೂ ಕೆಳಕ್ಕೂ ಎಳೆದು, ಮುಂದಿನ ಫೋರ್ಕು ಅರ್ಧದಷ್ಟು ಕುಗ್ಗುವಂತೆ ಬಿಗಿಯಬೇಕು. ಅತಿಯಾಗಿ ಕುಗ್ಗದಿರಲೆಂದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮರದ ತುಂಡೊಂದನ್ನು ಇಡುವುದುಂಟು. ಇಷ್ಟಾದರೆ ಮುಂದಿನ ಪ್ರಯಾಣವೆಲ್ಲ ನಿಶ್ಚಿಂತೆ.

ಟ್ರೇಲರಿನ ಲೆಕ್ಕವು ಇದಕ್ಕೆ ವಿರುದ್ಧವಾದುದು. ಮೂರು ಉಕ್ಕಿನ ಹಳಿಗಳನ್ನು ಸಾಲಾಗಿ ಬೆಸೆದ, ಅರುವತ್ತು ಎಪ್ಪತ್ತರ ದಶಕಗಳಲ್ಲಿ ಬಹು ಪ್ರಚಲಿತವಾಗಿದ್ದ ತಗ್ಗಾದ ಟ್ರೇಲರಿಗೆ ಗಾಡಿಯನ್ನು ಏರಿಸುವುದಕ್ಕೆ ಮೊಣಕಾಲೆತ್ತರದ ಹಲಗೆ ಸಾಕು. ಹದಿನೈದರ ಹುಡುಗನೂ ಏರಿಸಬಲ್ಲನು. ಇಲ್ಲಿ ಕಷ್ಟವು ಹೊರಟ ಮೇಲೆ ಆರಂಭವಾಗುತ್ತದೆ. ಒಟ್ಟು ಭಾರದಲ್ಲಿ ಶೇಕಡಾ ಹತ್ತರಿಂದ ಹದಿನೈದರಷ್ಟು ಮೂಕಿಯ ಮೇಲೆ ಬೀಳಬೇಕು. ಹಿಂಭಾರವಾದರೆ ವೇಗವೇರಿದಂತೆ ಟ್ರೇಲರು ಎಡಬಲಕ್ಕೆ ಓಲಾಡಿ, ಕೊನೆಗೆ ಎಳೆಯುವ ವಾಹನವನ್ನೇ ರಸ್ತೆಯಿಂದಾಚೆಗೆ ಎಸೆಯುತ್ತದೆ. ಮೂಕಿಯು ಕೂರುವ ಉಕ್ಕಿನ ಗುಂಡಿನ ಅಳತೆಯು ಸರಿಯಾಗಿರಬೇಕು, ಅಪಾಯದ ಸರಪಳಿಗಳು ಮೂಕಿಯ ಕೆಳಗೆ ಅಡ್ಡಡ್ಡವಾಗಿ ಬಿಗಿದಿರಬೇಕು, ಹಿಂದಿನ ದೀಪಗಳ ತಂತಿಯು ಸವೆದಿರಬಾರದು. ವರ್ಷದಲ್ಲಿ ಹತ್ತು ತಿಂಗಳು ಹಿತ್ತಲಿನಲ್ಲಿ ನಿಲ್ಲುವ ಆ ಪುಟ್ಟ ಗಾಲಿಗಳ ಬೇರಿಂಗುಗಳಿಗೆ ಗ್ರೀಸು ಇರಬೇಕು. ಕ್ಯಾಲಿಫೋರ್ನಿಯದ ಕಾನೂನು, ಟ್ರೇಲರನ್ನು ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯ ಮಿತಿಯನ್ನು ಹಾಕಿದೆ. ರಿವರ್ಸು ತೆಗೆಯುವ ವಿದ್ಯೆಯಂತೂ ಬೇರೆಯೇ. ಸಂಗ್ರಹವಾಗಿ ಹೇಳುವುದಾದರೆ, ರ್ಯಾಂಪಿನ ಅಪಾಯವು ಅರ್ಧ ನಿಮಿಷದ್ದು. ಟ್ರೇಲರಿನ ಎಚ್ಚರಿಕೆಯು ದಾರಿಯುದ್ದಕ್ಕೂ ಬೇಕಾದುದು.

ಹಾಗಿದ್ದೂ ಟ್ರೇಲರಿನ ಪಕ್ಷವು ಬೆಳೆದುದೇಕೆ? ಯಂತ್ರದ ತೂಕವು ಬೆಳೆದುದರಿಂದ. 1975ರಲ್ಲಿ ಬಂದ ಹೋಂಡಾ ಗೋಲ್ಡ್ ವಿಂಗ್ ಗಾಡಿಯು ಮುನ್ನೂರು ಕಿಲೋಗೆ ಸಮೀಪವಾಗಿದ್ದಿತು. ಇಂದಿನ ಹಾರ್ಲೆಯ ದೂರಪ್ರಯಾಣದ ಗಾಡಿಗಳು ಅದನ್ನೂ ಮೀರಿವೆ. ನೂರು ಕಿಲೋ ತೂಗುವ ಮಣ್ಣಿನ ಗಾಡಿಯು ವಾಲಿದರೆ ಮನುಷ್ಯನು ತಡೆದಾನು. ಇದು ವಾಲಿದರೆ ತಾನು ಹಿಂದೆ ಸರಿಯುವುದೊಂದೇ ಉಪಾಯ. ದಕ್ಷಿಣ ಡಕೋಟದ ಸ್ಟರ್ಜಿಸ್ ಎಂಬ ಸಣ್ಣ ಊರಿನಲ್ಲಿ 1938ರಲ್ಲಿ ಕೆಲವೇ ಸವಾರರ ಪಂದ್ಯವಾಗಿ ಆರಂಭವಾದ ಕೂಟವು ಲಕ್ಷಾಂತರ ಜನರ ಮಹಾಮೇಳವಾಗಿ ಬೆಳೆದಂತೆ, ಇಂತಹ ಭಾರಿ ಯಂತ್ರವನ್ನು ಟ್ರೇಲರಿನಲ್ಲಿ ತಂದು, ಊರಿನ ಹೊರಗೆ ಇಳಿಸಿ, ಧೂಳು ಒರಸಿ, ಚರ್ಮದ ಅಂಗಿಯನ್ನು ತೊಟ್ಟು, ಸಾವಿರ ಮೈಲಿ ಸವಾರಿ ಮಾಡಿ ಬಂದವನಂತೆ ಪೇಟೆಯನ್ನು ಪ್ರವೇಶಿಸುವ ವರ್ಗವೊಂದು ಹುಟ್ಟಿಕೊಂಡಿತು. ನಿಜವಾಗಿ ಸವಾರಿ ಮಾಡಿ ಬಂದವರು ಇವರನ್ನು ಗೇಲಿ ಮಾಡುವುದು ಅಲ್ಲಿನ ಒಂದು ಸಂಪ್ರದಾಯವೇ ಆಗಿದೆ. ಗೇಲಿಗೆ ಗುರಿಯಾದವರಲ್ಲಿ ವಯಸ್ಸಾದವರೂ ಬೆನ್ನುನೋವಿನವರೂ ರಜೆ ಸಾಲದವರೂ ಇದ್ದಾರೆಂಬುದನ್ನು ಗೇಲಿ ಮಾಡುವವರು ಮರೆಯುತ್ತಾರೆ.

ಈಚಿನ ದಶಕಗಳಲ್ಲಿ ಪಿಕಪ್ಪು ತಾನೇ ತನ್ನ ಪಕ್ಷವನ್ನು ದುರ್ಬಲಗೊಳಿಸಿಕೊಂಡಿದೆ. ಚಾಲಕನ ಕೋಣೆಯು ನಾಲ್ಕು ಬಾಗಿಲಿನದಾಗಿ ವಿಸ್ತಾರಗೊಂಡಂತೆ ತೊಟ್ಟಿಯು ಎಂಟಡಿಯಿಂದ ಐದೂವರೆ ಅಡಿಗೆ ಕುಗ್ಗಿದೆ; ನಾಲ್ಕು ಗಾಲಿಗಳಿಗೂ ಬಲವನ್ನು ಊಡುವ ವ್ಯವಸ್ಥೆಯಿಂದ ಅದರ ಎತ್ತರವು ಮೂರಡಿಯ ಸುಮಾರಿಗೆ ಏರಿದೆ. ಏಳಡಿ ಉದ್ದದ ಗಾಡಿಯನ್ನು ಅದರಲ್ಲಿ ನಿಲ್ಲಿಸಿದರೆ ಹಿಂದಿನ ಗಾಲಿಯು ತೆರೆದ ಹಿಂಬಾಗಿಲಿನ ಮೇಲೆ ಕೂರುತ್ತದೆ, ಆ ಭಾರವನ್ನೆಲ್ಲ ಎರಡು ತಂತಿಗಳು ತಡೆಯಬೇಕಾಗುತ್ತದೆ. ಟ್ರೇಲರಾದರೋ ಇದೇ ಅವಧಿಯಲ್ಲಿ ಸುಧಾರಿಸಿ, ತಳವನ್ನು ನೆಲದ ಮಟ್ಟಕ್ಕೆ ಇಳಿಸಿ, ಗಾಡಿಯನ್ನು ಕೈಯಿಂದ ದೂಡಿ ಒಳಗೆ ನಿಲ್ಲಿಸುವಂತಾಗಿದೆ.

ನಮ್ಮ ನಾಡಿನಲ್ಲಿ ಈ ವಾದವು ಇನ್ನೂ ಹುಟ್ಟಿಲ್ಲ. ಇಲ್ಲಿ ಮೋಟಾರು ಸೈಕಲ್ಲು ಇಂದಿಗೂ ಹೊರುವ ವಾಹನವೇ. ಅದನ್ನು ಹೊರಿಸುವ ಪ್ರಸಂಗವು ವರ್ಗಾವಣೆಯಾದಾಗಲೋ ಕೆಟ್ಟು ನಿಂತಾಗಲೋ ಮಾತ್ರ. ಯಶವಂತಪುರದಂತಹ ನಿಲ್ದಾಣದ ಪಾರ್ಸೆಲ್ ಕಛೇರಿಯ ಮುಂದೆ, ಪೆಟ್ರೋಲನ್ನು ಪೂರ್ಣವಾಗಿ ಬಸಿದು, ಹುಲ್ಲು ಗೋಣಿತಾಟುಗಳಿಂದ ಸುತ್ತಿ ಹೊಲಿದು, ಊರಿನ ಹೆಸರು ಬರೆದ ಚೀಟಿಯನ್ನು ಕಟ್ಟಿ ನಿಲ್ಲಿಸಿದ ಗಾಡಿಗಳ ಸಾಲನ್ನು ನಾವು ಕಾಣುತ್ತೇವೆ. ಲಡಾಖಿನ ಯಾತ್ರೆಗೆ ಹೊರಡುವ ನಮ್ಮ ತರುಣರಲ್ಲಿ ಕೆಲವರು ತಮ್ಮ ಗಾಡಿಯನ್ನು ಹೀಗೆ ದೆಹಲಿಗೋ ಚಂಡೀಗಢಕ್ಕೋ ಮುಂಚಿತವಾಗಿ ಕಳುಹಿಸಿ, ಅಲ್ಲಿಂದ ಸವಾರಿಯನ್ನು ಆರಂಭಿಸುವುದುಂಟು. ಶತಮಾನದ ಹಿಂದೆ ಅಮೆರಿಕದ ಪಂದ್ಯದ ಯಂತ್ರಗಳು ಹೇಗೆ ರೈಲನ್ನು ಹತ್ತಿದುವೋ ಹಾಗೆಯೇ ಇದು. ವಿನೋದಕ್ಕಾಗಿ ಹೊರಿಸುವ ಘಟ್ಟದ ಹೊಸ್ತಿಲಿನಲ್ಲಿ ನಾವೂ ನಿಂತಿದ್ದೇವೆ.

ಈ ಚರಿತ್ರೆಯಿಂದ ತೀರ್ಪೊಂದು ಹೊರಡುವುದಾದರೆ ಅದು ಹೀಗಿರಬೇಕು. ಒಂದೇ ಹಗುರವಾದ ಗಾಡಿ, ತಗ್ಗಾದ ಉದ್ದ ತೊಟ್ಟಿ, ಜೊತೆಗೆ ಇನ್ನೊಂದು ಕೈ, ಇವು ಮೂರೂ ಇರುವವನಿಗೆ ಪಿಕಪ್ಪೂ ರ್ಯಾಂಪೂ ಸಾಕು. ಟ್ರೇಲರಿನ ಚಿಂತೆಯನ್ನು ಅವನು ಕಟ್ಟಿಕೊಳ್ಳಬೇಕಾಗಿಲ್ಲ. ಗಾಡಿಯು ಇನ್ನೂರು ಕಿಲೋವನ್ನು ಮೀರಿದ್ದರೆ, ಅಥವಾ ಗಾಡಿಗಳು ಎರಡಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಏರಿಸುವವನು ಏಕಾಕಿಯಾಗಿದ್ದರೆ, ಅವನು ಪೌರುಷವನ್ನು ಬದಿಗಿಟ್ಟು ಟ್ರೇಲರನ್ನು ಹೂಡುವುದೇ ವಿವೇಕ. ದೀಪವೂ ನಂಬರು ಫಲಕವೂ ಇರುವ ಗಾಡಿಯ ಒಡೆಯನಾದರೆ, ಮೈಯಲ್ಲಿ ಶಕ್ತಿಯೂ ಕೈಯಲ್ಲಿ ಬಿಡುವೂ ಇರುವವರೆಗೆ, ಅವನು ಈ ಎರಡು ಪಕ್ಷಗಳನ್ನೂ ಬಿಟ್ಟು ಅದನ್ನೇರಿಕೊಂಡೇ ಹೋಗುವುದು ಲೇಸು.